ಥ್ಯಾಂಕ್ಸ್‌ಗಿವಿಂಗ್ ಟರ್ಕಿ: ಓವನ್ನೋ, ಎಣ್ಣೆಯೋ, ಹೊಗೆಯೋ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಈ ಸಲ ಮೊದಲ ಬಾರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ. 14 ಜನ ಬರುತ್ತಾರೆ, ಅದರಲ್ಲಿ 5 ಜನ ಸಸ್ಯಾಹಾರಿಗಳು. 16 ಪೌಂಡಿನ ಫ್ರೋಜನ್ ಟರ್ಕಿ ಕೋಳಿ ತಂದು ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. ಕೋಳಿ ಸಾರು, ಬಿರಿಯಾನಿ ಎಲ್ಲ ಚೆನ್ನಾಗಿ ಮಾಡುತ್ತೇನೆ, ಆದರೆ ಇಷ್ಟು ದೊಡ್ಡದನ್ನು ಇಡಿಯಾಗಿ ಎಂದೂ ಬೇಯಿಸಿಲ್ಲ. ಬೇರೆಯವರ ಮನೆಯಲ್ಲಿ ತಿಂದಾಗಲೆಲ್ಲ ಒಣ ಒಣ ಅನ್ನಿಸಿದೆ. ನಮ್ಮ ಮನೆಯವರು ಹಿತ್ತಲಲ್ಲಿ ಎಣ್ಣೆಯಲ್ಲಿ ಕರಿಯೋಣ ಅನ್ನುತ್ತಾರೆ. ಸ್ನೇಹಿತೆಯೊಬ್ಬರು ಮೊಸರು ಮಸಾಲೆಯಲ್ಲಿ ಎರಡು ದಿನ ನೆನೆಸಿಡು ಅನ್ನುತ್ತಾರೆ. ಓವನ್ ಒಂದೇ ಇದೆ. ಯಾವ ರೀತಿ ಬೇಯಿಸಿದರೆ ಒಳ್ಳೆಯದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಟರ್ಕಿಯ ಬೆನ್ನುಮೂಳೆ ಕತ್ತರಿಸಿ ತೆಗೆಯಿರಿ. ಮಗುಚಿ, ಒತ್ತಿ, ಟ್ರೇ ಮೇಲೆ ಚಪ್ಪಟೆ ಮಾಡಿ. ಎರಡು ದಿನ ಮೊದಲೇ ಉಪ್ಪು ಸವರಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಹಬ್ಬದ ದಿನ, ಅಂದರೆ ಗುರುವಾರ, 425 ಡಿಗ್ರಿ ಓವನ್ನಿನಲ್ಲಿ ಬೇಯಿಸಿ. ಇಲ್ಲಿಯವರು ಇದನ್ನು ಸ್ಪ್ಯಾಚ್‌ಕಾಕ್ ಅನ್ನುತ್ತಾರೆ. ನಾನು ಹದಿನೆಂಟು ವರ್ಷದಿಂದ ಇಲ್ಲಿ ಅಡುಗೆ ಕಲಿಸುತ್ತಿದ್ದೇನೆ, ಟರ್ಕಿಯನ್ನು ಇಡಿಯಾಗಿ, ತುಂಡಾಗಿ, ಎಣ್ಣೆಯಲ್ಲಿ, ಹೊಗೆಯಲ್ಲಿ, ಚೀಲದಲ್ಲಿ ಎಲ್ಲ ಬೇಯಿಸಿ ನೋಡಿದ್ದೇನೆ. ಒಂದೇ ಓವನ್ ಇರುವ, ಮೊದಲ ಸಲ ಮಾಡುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. (ಇಲ್ಲಿ ಬರುವ ಡಿಗ್ರಿ ಎಲ್ಲ ಫ್ಯಾರನ್‌ಹೀಟ್, ನಿಮ್ಮ ಓವನ್ನಿನಲ್ಲಿ ಇರುವುದೂ ಅದೇ.)

ಈಗ ಕಾರಣ. ಟರ್ಕಿ ಯಾಕೆ ಒಣಗುತ್ತದೆ ಅಂತ ಗೊತ್ತಾದರೆ ಯಾವ ವಿಧಾನ ಸರಿ, ಯಾವುದು ಅಲ್ಲ ಅಂತ ನೀವೇ ಹೇಳಬಲ್ಲಿರಿ.

ನಿಮಗೆ ನಾಟಿ ಕೋಳಿಗೂ ಫಾರಂ ಕೋಳಿಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತು. ಫಾರಂ ಕೋಳಿ ಬೇಗ ಬೇಯುತ್ತದೆ, ಸ್ವಲ್ಪ ಜಾಸ್ತಿ ಬೆಂದರೆ ನಾರು ನಾರಾಗುತ್ತದೆ. ನಾಟಿ ಕೋಳಿ ಓಡಾಡಿ ಬೆಳೆದದ್ದು, ಅದಕ್ಕೆ ಹೊತ್ತು ಬೇಕು, ಬೆಂದಷ್ಟೂ ಮೆತ್ತಗಾಗುತ್ತದೆ. ಟರ್ಕಿಯಲ್ಲಿ ಈ ಎರಡೂ ಒಂದೇ ಮೈಯಲ್ಲಿವೆ. ಎದೆ ಭಾಗ ಬಿಳಿ ಮಾಂಸ, ಕೊಬ್ಬು ಕಡಿಮೆ, 150 ಡಿಗ್ರಿ ದಾಟಿದ ಮೇಲೆ ರಸ ಬಿಡಲು ಶುರು ಮಾಡುತ್ತದೆ, 165 ದಾಟಿ ಮೇಲೆ ಹೋದಷ್ಟೂ ಹಿಂಡಿದ ಬಟ್ಟೆಯ ಹಾಗಾಗುತ್ತದೆ. ಕಾಲು ಮತ್ತು ತೊಡೆ ಇಡೀ ದಿನ ಮೈ ಭಾರ ಹೊತ್ತು ನಡೆದದ್ದು. ಅಲ್ಲಿ ಕೊಲಾಜೆನ್, ಅಂದರೆ ಮಾಂಸವನ್ನು ಬಿಗಿಯಾಗಿ ಹಿಡಿದಿಡುವ ಅಂಟು ನಾರು, ಜಾಸ್ತಿ. ಅದು ಕರಗಿ ಮೆತ್ತಗಾಗಲು 175, 180 ಡಿಗ್ರಿ ತನಕ ಹೋಗಬೇಕು. ಒಂದಕ್ಕೆ ಹದ ಬಂದಾಗ ಇನ್ನೊಂದು ಕೆಟ್ಟಿರುತ್ತದೆ. ನಮ್ಮ ಸಾರಿನಲ್ಲಾದರೆ ತುಂಡು ಒಣಗಿದ್ದರೂ ಮಸಾಲೆ ಕಾಪಾಡುತ್ತದೆ. ಇಲ್ಲಿ ಮಾಂಸವೇ ಊಟ.

ಹಾಗಾಗಿ ಯಾರಾದರೂ ಒಂದು ವಿಧಾನ ಹೇಳಿದಾಗ ನಾನು ಕೇಳುವುದು ಒಂದೇ: ಇದರಲ್ಲಿ ಕಾಲು 175 ಮುಟ್ಟುವಾಗ ಎದೆ ಎಲ್ಲಿರುತ್ತದೆ?

ಇಡಿಯಾಗಿ ಓವನ್ನಿನಲ್ಲಿ ಇಡುವುದರಿಂದ ಶುರು ಮಾಡೋಣ, ನೀವು ಬೇರೆಯವರ ಮನೆಯಲ್ಲಿ ತಿಂದದ್ದು ಬಹುಶಃ ಇದನ್ನೇ. 325 ಡಿಗ್ರಿಯಲ್ಲಿ 14ರಿಂದ 18 ಪೌಂಡಿನ ಟರ್ಕಿಗೆ ಮೂರು ಮುಕ್ಕಾಲರಿಂದ ನಾಲ್ಕೂಕಾಲು ಗಂಟೆ ಬೇಕು ಅಂತ ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಹೇಳುತ್ತದೆ. ಎದೆ ಮೇಲೆ ಇರುತ್ತದೆ, ಬಿಸಿ ನೇರವಾಗಿ ಅದಕ್ಕೇ ತಾಗುತ್ತದೆ. ತೊಡೆಯ ಕೀಲು ಕೆಳಗೆ, ಮೈಗೆ ಅಂಟಿಕೊಂಡು, ಟ್ರೇಯ ಗೋಡೆಯ ನೆರಳಿನಲ್ಲಿ ತಣ್ಣಗೆ ಕೂತಿರುತ್ತದೆ. ಯಾವುದು ಕಡಿಮೆ ಬೇಯಬೇಕೋ ಅದಕ್ಕೆ ಜಾಸ್ತಿ ಬಿಸಿ, ಯಾವುದು ಜಾಸ್ತಿ ಬೇಯಬೇಕೋ ಅದಕ್ಕೆ ಕಡಿಮೆ ಬಿಸಿ. ಒಣಗದೆ ಇನ್ನೇನಾಗುತ್ತದೆ? ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ಟ್ರೇಯಲ್ಲಿ ಬಿದ್ದ ರಸವನ್ನು ಮೇಲೆ ಸುರಿಯುತ್ತಾರಲ್ಲ, ಅದರಿಂದ ಮಾಂಸದ ಒಳಗೆ ಏನೂ ಹೋಗುವುದಿಲ್ಲ. ಚರ್ಮ ಒದ್ದೆಯಾಗುತ್ತದೆ, ಓವನ್ನಿನ ಬಿಸಿ ಇಳಿಯುತ್ತದೆ, ಹೊತ್ತು ಇನ್ನೂ ಜಾಸ್ತಿ ಹಿಡಿಯುತ್ತದೆ. ಕೆಲವು ಟರ್ಕಿಗಳ ಎದೆಗೆ ಪ್ಲಾಸ್ಟಿಕ್ಕಿನ ಒಂದು ಗುಂಡಿ ಚುಚ್ಚಿರುತ್ತಾರೆ, ಬೆಂದಾಗ ಅದು ಮೇಲೇಳುತ್ತದೆ ಅಂತ. ದಯವಿಟ್ಟು ಅದನ್ನು ನಂಬಬೇಡಿ, ಅದು ಎದ್ದು ನಿಲ್ಲುವ ಹೊತ್ತಿಗೆ ಎದೆ ಒಣಗಿಹೋಗಿರುತ್ತದೆ.

ಆದರೂ ಮೇಜಿನ ಮೇಲೆ ಇಡೀ ಟರ್ಕಿ ತಂದಿಡಬೇಕು, ಮಕ್ಕಳು ಅದನ್ನು ನೋಡಬೇಕು ಅನ್ನುವ ಆಸೆ ಕೆಲವರಿಗೆ ಇರುತ್ತದೆ. ತಪ್ಪೇನಿಲ್ಲ. ಅಂಥವರು 12 ಪೌಂಡ್ ಒಳಗಿನದನ್ನು ತರಲಿ. ಓವನ್ನಿಗೆ ಹಾಕುವ ಮೊದಲು ಅರ್ಧ ಗಂಟೆ ಎದೆಯ ಮೇಲೆ ಮಾತ್ರ ಐಸ್ ಪ್ಯಾಕ್ ಇಟ್ಟು ಅದನ್ನು ತಣ್ಣಗೆ ಇಡಲಿ. ಎದೆ ತಣ್ಣಗೆ ಶುರುವಾದರೆ ಕಾಲಿಗಿಂತ ಹಿಂದೆ ಉಳಿಯುತ್ತದೆ, ಅದೇ ನಮಗೆ ಬೇಕಾದದ್ದು. ಆದರೆ ಹೊಟ್ಟೆಯ ಒಳಗೆ ಬ್ರೆಡ್ ಸ್ಟಫಿಂಗ್, ಅಂದರೆ ಬ್ರೆಡ್ ತುಂಡಿನ ಹೂರಣ, ತುಂಬಬೇಡಿ. ಹಸಿ ಮಾಂಸದ ರಸ ಅದರೊಳಗೆ ಇಳಿದಿರುತ್ತದೆ, ಅದೂ 165 ಮುಟ್ಟಲೇಬೇಕು. ಅದು ಮುಟ್ಟುವ ತನಕ ಕಾದರೆ ಹೊರಗಿನ ಮಾಂಸದ ಗತಿ ಏನು?

ಓವನ್ ಬ್ಯಾಗ್ ಅಂತ ಒಂದು ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಒಂದು ಚಮಚ ಮೈದಾ ಹಾಕಿ ಅಲ್ಲಾಡಿಸಿ, ಟರ್ಕಿ ಒಳಗಿಟ್ಟು, ಬಾಯಿ ಕಟ್ಟಿ, ಮೇಲೆ ನಾಲ್ಕಾರು ಸೀಳು ಹಾಕಿ 350ರಲ್ಲಿ ಬೇಯಿಸುವುದು. ಬೇಗ ಆಗುತ್ತದೆ, ಓವನ್ ಕೊಳೆಯಾಗುವುದಿಲ್ಲ, ತನ್ನದೇ ಹಬೆಯಲ್ಲಿ ಬೇಯುವುದರಿಂದ ಸ್ವಲ್ಪ ಹೆಚ್ಚುಕಮ್ಮಿಯಾದರೂ ತೀರಾ ಕೆಡುವುದಿಲ್ಲ. ಆದರೆ ಚರ್ಮ ಮೆತ್ತಗೆ, ರುಚಿ ಕುಕ್ಕರಿನಲ್ಲಿ ಬೇಯಿಸಿದ ಹಾಗೆ. ಹುರಿದ ಪರಿಮಳ ಬರುವುದೇ ಇಲ್ಲ. ಮಾಂಸ ಬಿಡಿಸಿ ಬಿರಿಯಾನಿಗೋ ಸುಕ್ಕಕ್ಕೋ ಹಾಕುವುದಾದರೆ ಸರಿ, ಹಬ್ಬದ ತಟ್ಟೆಗೆ ನಾನು ಹೇಳುವುದಿಲ್ಲ.

ಈಗ ನಿಮ್ಮ ಮನೆಯವರ ಆಸೆಯ ವಿಷಯ. ಎಣ್ಣೆಯಲ್ಲಿ ಕರಿದ ಟರ್ಕಿ ನಿಜಕ್ಕೂ ತುಂಬ ರುಚಿ. ಲೂಯಿಸಿಯಾನದ ಕೇಜನ್ ಜನರ ಅಡುಗೆ ಅದು, ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. 350 ಡಿಗ್ರಿ ಎಣ್ಣೆಯಲ್ಲಿ ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕ. 12 ಪೌಂಡಿನದು ಮುಕ್ಕಾಲು ಗಂಟೆಯೊಳಗೆ ಆಗಿಬಿಡುತ್ತದೆ. ಎಣ್ಣೆ ಸುತ್ತಲಿಂದಲೂ, ಹೊಟ್ಟೆಯ ಒಳಗಿಂದಲೂ ಒಂದೇ ಸಮ ಬಿಸಿ ಕೊಡುತ್ತದೆ, ಹೊತ್ತು ಕಡಿಮೆ, ಹಾಗಾಗಿ ಎದೆಗೆ ಒಣಗಲು ಸಮಯವೇ ಇರುವುದಿಲ್ಲ. ಚರ್ಮ ಹಪ್ಪಳದ ಹಾಗೆ. ಓವನ್ನೂ ಖಾಲಿ ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ಈ ವರ್ಷ ಬೇಡ ಅಂತಲೇ ನನ್ನ ಮಾತು. ನಿಮ್ಮದು 16 ಪೌಂಡ್. ಮನೆಯ ಪಾತ್ರೆಗಳಿಗೆ 12 ಪೌಂಡೇ ಮೇಲಿನ ಮಿತಿ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡದಾದರೆ ಎಣ್ಣೆ ಉಕ್ಕಿ ಕೆಳಗಿನ ಬೆಂಕಿಗೆ ಬೀಳುತ್ತದೆ. ಎರಡನೆಯದು ಇನ್ನೂ ಮುಖ್ಯ. ಒಳಗೆ ಒಂದು ಹಿಡಿ ಐಸ್ ಉಳಿದಿದ್ದರೂ ಸಾಕು, ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಬಿಸಿ ಎಣ್ಣೆಯನ್ನೆಲ್ಲ ಎತ್ತಿ ಹೊರಗೆ ಚೆಲ್ಲುತ್ತದೆ. ಬಾಣಲೆಗೆ ಒದ್ದೆ ಹಪ್ಪಳ ಬಿಟ್ಟಾಗ ಏನಾಗುತ್ತದೆ ಗೊತ್ತಲ್ವಾ? ಅದನ್ನು ಮೂರು ನಾಲ್ಕು ಗ್ಯಾಲನ್ ಎಣ್ಣೆಗೆ, ಕೆಳಗೆ ಗ್ಯಾಸ್ ಉರಿಯುತ್ತಿರುವಾಗ ಊಹಿಸಿಕೊಳ್ಳಿ. ಅಮೆರಿಕದ ಅಗ್ನಿ ಸುರಕ್ಷತೆಯ ಸಂಸ್ಥೆ ಎನ್‌ಎಫ್‌ಪಿಎ ಇಂಥ ಎಣ್ಣೆಯ ಫ್ರೈಯರ್ ಮನೆಯಲ್ಲಿ ಬಳಸಲೇಬೇಡಿ ಅನ್ನುತ್ತದೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಎಣ್ಣೆ ಉಕ್ಕಿ ಮರದ ಡೆಕ್ ಸುಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಕ್ಕಳು ಒಳಗಿದ್ದರು, ಯಾರಿಗೂ ಏನೂ ಆಗಲಿಲ್ಲ. ಆ ದಿನದ ಹೆದರಿಕೆ ಇನ್ನೂ ಇದೆ. 14 ಜನ ಬರುವ ದಿನ, ಮೊದಲ ಸಲ ಹಬ್ಬ ಮಾಡುವ ಮನೆಯಲ್ಲಿ ಇದನ್ನು ಕಲಿಯಲು ಹೋಗಬೇಡಿ.

ಅವರಿಗೆ ಮನಸ್ಸಿದ್ದರೆ ಬೇರೆ ಯಾವುದಾದರೂ ಶನಿವಾರ ಮಾಡಲಿ. 10 ಪೌಂಡಿನದು ಸಾಕು. ಗ್ಯಾರೇಜಿನಲ್ಲಿ ಅಲ್ಲ, ಡೆಕ್ ಮೇಲೆ ಅಲ್ಲ, ಮನೆಯಿಂದ ದೂರ, ಬಯಲಲ್ಲಿ, ಸಮನೆಲದ ಮೇಲೆ. ಮೊದಲು ಟರ್ಕಿಯನ್ನು ಖಾಲಿ ಪಾತ್ರೆಯಲ್ಲಿ ಇಟ್ಟು, ಮುಳುಗುವಷ್ಟು ನೀರು ಹಾಕಿ, ತೆಗೆದು, ಉಳಿದ ನೀರು ಎಲ್ಲಿಯವರೆಗೆ ಇದೆ ಅಂತ ಗುರುತು ಮಾಡಿಕೊಳ್ಳಬೇಕು. ಎಣ್ಣೆ ಅಷ್ಟೇ. ಆಮೇಲೆ ಪಾತ್ರೆಯನ್ನೂ ಟರ್ಕಿಯನ್ನೂ ಚೆನ್ನಾಗಿ ಒರೆಸಿ ಒಣಗಿಸಬೇಕು. ಒಳಗೆ ಇಳಿಸುವಾಗ ಬೆಂಕಿ ಆರಿಸಿರಬೇಕು. ಸಾಮಾನ್ಯವಾಗಿ ಬಳಸುವುದು ಕಡಲೆಕಾಯಿ ಎಣ್ಣೆ, ಹಾಗಾಗಿ ಅಲರ್ಜಿ ಇರುವವರು ಬರುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಹೊಗೆಯಲ್ಲಿ ಬೇಯಿಸುವುದು, ಅಂದರೆ ಸ್ಮೋಕರ್, ನನಗೆ ತುಂಬ ಇಷ್ಟ. ಸೇಬು, ಚೆರ್ರಿ ಇಲ್ಲವೇ ಹಿಕರಿ ಮರದ ಹೊಗೆ. ಕೊಡಗಿನಲ್ಲಿ ಒಲೆಯ ಮೇಲೆ ಮಾಂಸ ನೇತುಹಾಕಿ ಒಣಗಿಸುವ ಮನೆಗಳಲ್ಲಿ ಊಟ ಮಾಡಿದವರಿಗೆ ಆ ಪರಿಮಳ ಬೇಗ ಹಿಡಿಸುತ್ತದೆ. 225ರಿಂದ 250 ಡಿಗ್ರಿಯಲ್ಲಿ ಪೌಂಡಿಗೆ ಸುಮಾರು ಅರ್ಧ ಗಂಟೆ. ನಿಮ್ಮ 16 ಪೌಂಡಿಗೆ ಎಂಟು ಗಂಟೆ ಆಯಿತು. ದೊಡ್ಡ ಟರ್ಕಿ ಅಷ್ಟು ಸಣ್ಣ ಬಿಸಿಯಲ್ಲಿ 40ರಿಂದ 140 ಡಿಗ್ರಿಯ ನಡುವೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ಹದದಲ್ಲಿ, ಜಾಸ್ತಿ ಹೊತ್ತು ನಿಲ್ಲುತ್ತದೆ. ಚರ್ಮ ರಬ್ಬರಿನ ಹಾಗಾಗುತ್ತದೆ. ಸ್ಮೋಕರ್ ಇದ್ದವರು ಬರೀ ಎದೆ ಭಾಗ ತಂದು ಹೊಗೆಯಲ್ಲಿಡಲಿ, ಅದು ಅದ್ಭುತ. ನಿಮ್ಮಲ್ಲಿ ಇಲ್ಲದಿದ್ದರೆ ಇದಕ್ಕಾಗಿ ಕೊಳ್ಳಬೇಡಿ. ಸೂ ವೀಡ್ ಕೂಡ ಹಾಗೆಯೇ, ಎದೆಯನ್ನು ಚೀಲದಲ್ಲಿ ಕಟ್ಟಿ 145, 150 ಡಿಗ್ರಿ ನೀರಿನಲ್ಲಿ ಗಂಟೆಗಟ್ಟಲೆ ಇಡುವುದು. ಬರೀ ಎದೆಗೆ ಅದಕ್ಕಿಂತ ಒಳ್ಳೆಯ ಹದ ಇಲ್ಲ, ಆದರೆ ಇಡೀ ಟರ್ಕಿಗೆ ಆಗುವಂಥದ್ದಲ್ಲ.

ಮೊಸರು ಮಸಾಲೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಮ್ಮವರು ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಕೋಳಿ ತುಂಡಿಗೆ ನಾಲ್ಕು ಗಂಟೆ ಮೊಸರು ಹಾಕಿದರೆ ಏನೋ ಮ್ಯಾಜಿಕ್ ಆಗುತ್ತದೆ, ನಿಜ. ಆದರೆ ತುಂಡು ಚಿಕ್ಕದು. ಟರ್ಕಿಯ ಎದೆ ಮೂರು ಇಂಚು ದಪ್ಪ ಇರುತ್ತದೆ, ಮಸಾಲೆಯ ರುಚಿ ಎರಡು ದಿನ ಇಟ್ಟರೂ ಮೇಲಿನ ಪದರ ಬಿಟ್ಟು ಒಳಗೆ ಇಳಿಯುವುದಿಲ್ಲ. ಒಳಗೆ ಹೋಗುವುದು ಉಪ್ಪು ಒಂದೇ. ಮೊಸರಿನ ಹುಳಿ ಎರಡು ದಿನದಲ್ಲಿ ಮೇಲಿನ ಮಾಂಸವನ್ನು ಹಿಟ್ಟು ಹಿಟ್ಟು ಮಾಡುತ್ತದೆ. ಚರ್ಮ ಒದ್ದೆಯಾಗಿರುವುದರಿಂದ ಗರಿಗರಿ ಆಗುವುದಿಲ್ಲ. ಮೇಲಿನ ಮೆಣಸಿನ ಪುಡಿ ಒಂದೂವರೆ ಗಂಟೆ ದೊಡ್ಡ ಬಿಸಿಯಲ್ಲಿ ಕರಟಿ ಕಹಿಯಾಗುತ್ತದೆ.

ಹಾಗಂತ ನಮ್ಮ ರುಚಿ ಬಿಡಬೇಕಾಗಿಲ್ಲ. ಮಸಾಲೆಯನ್ನು ಚರ್ಮದ ಕೆಳಗೆ ಹಾಕಿ. ಎದೆಯ ತುದಿಯಿಂದ ಬೆರಳು ಒಳಗೆ ಸೇರಿಸಿದರೆ ಚರ್ಮ ಸಲೀಸಾಗಿ ಮಾಂಸದಿಂದ ಬಿಡುತ್ತದೆ. ಅರ್ಧ ಕಪ್ ಗಟ್ಟಿ ತುಪ್ಪಕ್ಕೆ ಕುಟ್ಟಿದ ಕಾಳುಮೆಣಸು, ಹುರಿದ ಧನಿಯಾ ಪುಡಿ, ಬ್ಯಾಡಗಿ ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಕರಿಬೇವು ಕಲಸಿ ಅಲ್ಲಿ ಸವರಿ. ಉಪ್ಪು ಬೇಡ, ಅದು ಮೊದಲೇ ಹೋಗಿರುತ್ತದೆ. ಇಲ್ಲಿಯವರು ಬೆಣ್ಣೆ ಹಾಕುತ್ತಾರೆ. ಬೆಣ್ಣೆಯಲ್ಲಿ ನೀರು ಮತ್ತು ಹಾಲಿನ ಅಂಶ ಇರುತ್ತದೆ, ಅದು ಕಪ್ಪಾಗುತ್ತದೆ. ತುಪ್ಪ ಈ ಕೆಲಸಕ್ಕೆ ಬೆಣ್ಣೆಗಿಂತ ಎಷ್ಟೋ ಮೇಲು. ಚರ್ಮದ ಮೇಲೂ ತುಪ್ಪವನ್ನೇ ಸವರಿ.

ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ ಮುಳುಗಿಸಿಡುವ ಪದ್ಧತಿಯೂ ಒಂದಿದೆ. ನೀರು ಹೀರಿಕೊಂಡು ಮಾಂಸ ತೂಗುತ್ತದೆ, ಆದರೆ ಹೀರಿದ್ದು ಸಪ್ಪೆ ನೀರು. ಅಷ್ಟು ದೊಡ್ಡ ಬಕೆಟ್ ಫ್ರಿಜ್‌ನಲ್ಲಿ ಎಲ್ಲಿಡುತ್ತೀರಿ? ಒಣ ಉಪ್ಪೇ ಸಾಕು. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆ ಎಳೆಯುತ್ತದೆ, ಅದರಲ್ಲೇ ಕರಗುತ್ತದೆ, ಒಂದು ದಿನದೊಳಗೆ ಮತ್ತೆ ಒಳಗೆ ಹೋಗುತ್ತದೆ. ಹೀಗೆ ಉಪ್ಪು ಹಿಡಿದ ಮಾಂಸ ಬೇಯುವಾಗ ರಸವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೇಲೆ ಚರ್ಮ ಒಣಗಿ ಕಾಗದದ ಹಾಗಾಗುತ್ತದೆ. ಆ ಒಣಗಿದ ಚರ್ಮವೇ ಓವನ್ನಿನಲ್ಲಿ ಗರಿಗರಿ ಆಗುವುದು.

ಸರಿ, ಈಗ ನಿಮ್ಮ ಟರ್ಕಿ. ಥ್ಯಾಂಕ್ಸ್‌ಗಿವಿಂಗ್ 1941ರ ಕಾನೂನಿನ ಪ್ರಕಾರ ಯಾವಾಗಲೂ ನವೆಂಬರ್ ನಾಲ್ಕನೇ ಗುರುವಾರ, ಹಾಗಾಗಿ ಲೆಕ್ಕ ಸುಲಭ. ಫ್ರಿಜ್‌ನಲ್ಲಿ ಕರಗಲು 4-5 ಪೌಂಡಿಗೆ ಒಂದು ದಿನ ಬೇಕು. ನಿಮ್ಮದಕ್ಕೆ ನಾಲ್ಕು ದಿನ. ಹಿಂದಿನ ಶುಕ್ರವಾರ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಅತಿ ಕೆಳಗಿನ ಅಂತಸ್ತಿನಲ್ಲಿ, ಅಂಚಿರುವ ಟ್ರೇ ಒಳಗೆ ಇಡಿ. ಮೇಲಿನ ಅಂತಸ್ತುಗಳಲ್ಲಿ ಸಸ್ಯಾಹಾರಿಗಳ ಅಡುಗೆ ಸಾಮಾನು ಇರುತ್ತದಲ್ಲ, ಒಂದು ಹನಿಯೂ ಸೋರಬಾರದು. ಈ ಒಂದು ಹೆಜ್ಜೆಯಲ್ಲಿ ಜನ ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ನಾನು ಮೊದಲ ವರ್ಷ ಸೋಮವಾರ ತೆಗೆದಿಟ್ಟೆ. ಗುರುವಾರ ಬೆಳಿಗ್ಗೆ ನೋಡಿದರೆ ಹೊಟ್ಟೆಯೊಳಗೆ ಐಸ್ ಗಟ್ಟಿ. ಅಂಥ ಗತಿ ಬಂದರೆ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಪೌಂಡಿಗೆ ಅರ್ಧ ಗಂಟೆ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಕರಗಿಸಬೇಡಿ, ಬಿಸಿನೀರು ಬೇಡವೇ ಬೇಡ.

ಮಂಗಳವಾರ ರಾತ್ರಿ ಕತ್ತರಿಸುವ ಕೆಲಸ. ಹೊಟ್ಟೆ ಮತ್ತು ಕುತ್ತಿಗೆಯ ಒಳಗೆ ಕಾಗದದ ಪೊಟ್ಟಣದಲ್ಲಿ ಲಿವರ್, ಕುತ್ತಿಗೆ ಮೂಳೆ ಎಲ್ಲ ಇರುತ್ತವೆ, ಮರೆಯದೆ ತೆಗೆಯಿರಿ. ನಮ್ಮ ಮನೆಗಳಲ್ಲಿ ಅರಿಶಿನ ಉಪ್ಪು ಹಾಕಿ ತೊಳೆಯದೆ ಮಾಂಸ ಮುಟ್ಟುವುದಿಲ್ಲ, ಗೊತ್ತು. ಆದರೆ ಇದನ್ನು ತೊಳೆಯಬೇಡಿ. ಇಷ್ಟು ದೊಡ್ಡದನ್ನು ಸಿಂಕಿನಲ್ಲಿ ತೊಳೆದರೆ ಹಸಿ ಮಾಂಸದ ನೀರು ಸುತ್ತ ಎರಡು ಮೂರು ಅಡಿ ಸಿಡಿಯುತ್ತದೆ, ಪಕ್ಕದಲ್ಲಿ ಕೋಸಂಬರಿಗೆ ಹೆಚ್ಚಿದ ಸೌತೆಕಾಯಿ ಇದ್ದರೆ ಅದರ ಮೇಲೂ. ಕ್ರಿಮಿ ಸಾಯುವುದು ಬಿಸಿಯಿಂದ, ನೀರಿನಿಂದಲ್ಲ. ಪೇಪರ್ ಟವೆಲ್ಲಿನಲ್ಲಿ ಒಳಗೂ ಹೊರಗೂ ಒತ್ತಿ ಒರೆಸಿ, ಅಷ್ಟು ಸಾಕು.

ಎದೆ ಕೆಳಗೆ ಮಾಡಿ ಮಲಗಿಸಿ. ಗಟ್ಟಿ ಅಡುಗೆ ಕತ್ತರಿಯಿಂದ ಬೆನ್ನುಮೂಳೆಯ ಒಂದು ಪಕ್ಕ ಬಾಲದಿಂದ ಕುತ್ತಿಗೆ ತನಕ ಕತ್ತರಿಸಿ, ಆಮೇಲೆ ಇನ್ನೊಂದು ಪಕ್ಕ. ತೊಡೆಯ ಹತ್ತಿರ ಸ್ವಲ್ಪ ಬಿಗಿ ಇರುತ್ತದೆ, ಅಲ್ಲಿ ಇಬ್ಬರಿದ್ದರೆ ಸುಲಭ, ಎಣ್ಣೆಯಲ್ಲಿ ಕರಿಯುವ ಉತ್ಸಾಹ ಇರುವ ನಿಮ್ಮ ಮನೆಯವರ ಕೈಗೆ ಕತ್ತರಿ ಕೊಡಿ. ಮೂಳೆ ಎಸೆಯಬೇಡಿ. ಈಗ ಮಗುಚಿ, ಎರಡೂ ಅಂಗೈಯಿಂದ ಎದೆಯ ನಡುವೆ ಜೋರಾಗಿ ಒತ್ತಿ. ಲಟಕ್ಕೆಂದು ಶಬ್ದ ಬಂದು ಚಪ್ಪಟೆಯಾಗುತ್ತದೆ. ಕಾಲುಗಳು ಈಗ ಎರಡು ಪಕ್ಕಕ್ಕೆ ಚಾಚಿವೆ, ಟ್ರೇಯ ಅಂಚಿನ ಜೋರು ಬಿಸಿ ಅವಕ್ಕೆ ಸಿಗುತ್ತದೆ. ಎದೆ ನಡುವೆ, ದಪ್ಪವಾಗಿ, ನಿಧಾನಕ್ಕೆ ಬೇಯುತ್ತದೆ. ನಮಗೆ ಬೇಕಾದದ್ದು ಇದೇ ಅಲ್ವಾ? ಕಾಲು 175 ಮುಟ್ಟುವ ಹೊತ್ತಿಗೆ ಎದೆ 160ರ ಹತ್ತಿರ ಇರುತ್ತದೆ.

ಉಪ್ಪಿಗೆ ಮೊದಲು ಟರ್ಕಿಯ ಲೇಬಲ್ ಓದಿ. ಫ್ರೋಜನ್ ಟರ್ಕಿ ಎಷ್ಟೋ ಕಂಪನಿಗಳಲ್ಲಿ ಉಪ್ಪುನೀರು ಚುಚ್ಚಿಯೇ ಬರುತ್ತದೆ, ಶೇಕಡಾ ಇಷ್ಟು ದ್ರಾವಣ ಸೇರಿಸಿದೆ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಯಹೂದಿ ಪದ್ಧತಿಯಂತೆ ಸಿದ್ಧಮಾಡಿದ ಕೋಷರ್ ಟರ್ಕಿಗೂ ಉಪ್ಪು ಮೊದಲೇ ಹಾಕಿರುತ್ತಾರೆ. ಹಾಗೆ ಇದ್ದರೆ 25 ಗ್ರಾಂ ಸಾಕು. ಇಲ್ಲದಿದ್ದರೆ ಪೌಂಡಿಗೆ ಮೂರೂವರೆ ಗ್ರಾಂ, ನಿಮ್ಮದಕ್ಕೆ 56 ಗ್ರಾಂ ಆಯಿತು. ಚಮಚದ ಲೆಕ್ಕ ಹಿಡಿಯಬೇಡಿ, ತೂಕ ಮಾಡಿ. ಇಲ್ಲಿಯ ಕೋಷರ್ ಉಪ್ಪಿನ ಹರಳು ದೊಡ್ಡದು, ನಮ್ಮ ಪುಡಿ ಉಪ್ಪು ಅಷ್ಟೇ ಚಮಚ ಹಾಕಿದರೆ ತೂಕದಲ್ಲಿ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ, ಊಟ ಕೆಟ್ಟಿತು. ಎದೆಗೆ ಜಾಸ್ತಿ, ರೆಕ್ಕೆಗೆ ಕಡಿಮೆ, ಆದಷ್ಟು ಚರ್ಮದ ಕೆಳಗೆ. ಮುಚ್ಚದೆ ಫ್ರಿಜ್‌ನಲ್ಲಿಡಿ, ಗುರುವಾರದ ತನಕ.

ಗುರುವಾರ ಒಂದು ಗಂಟೆಗೆ ಊಟ ಅಂದರೆ ಹತ್ತು ಗಂಟೆಗೆ ಓವನ್ 425ಕ್ಕೆ ಹಚ್ಚಿ. ದೊಡ್ಡ ಟ್ರೇ, 18ಕ್ಕೆ 13 ಇಂಚಿನದು, ಅದರಲ್ಲಿ ಈರುಳ್ಳಿ, ಕ್ಯಾರೆಟ್ ದಪ್ಪಗೆ ಹೆಚ್ಚಿ ಹರಡಿ. ಸುಮ್ನೆ ರುಚಿಗಲ್ಲ, ಬಿದ್ದ ಕೊಬ್ಬು ಸುಟ್ಟು ಹೊಗೆ ಎದ್ದು ಅಲಾರಂ ಹೊಡೆಯದಿರಲಿ ಅಂತ. ಟರ್ಕಿಗೆ ತುಪ್ಪದ ಮಸಾಲೆ ಸವರಿ, ಟ್ರೇ ಮೇಲಿಟ್ಟು ಹತ್ತೂಕಾಲಿಗೆ ಒಳಗಿಡಿ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಗಂಟೆಯನ್ನು ನಂಬಬೇಡಿ, ಥರ್ಮಾಮೀಟರ್ ನಂಬಿ. 15-20 ಡಾಲರಿನ ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ದಯವಿಟ್ಟು ಈ ಕೆಲಸಕ್ಕೆ ಇಳಿಯಬೇಡಿ. ನೀವು ಟರ್ಕಿಗೆ ಕೊಟ್ಟ ದುಡ್ಡಿಗಿಂತ ಅದು ಮುಖ್ಯ. ಒಂದು ಗಂಟೆ ಆದ ಮೇಲೆ ಎದೆಯ ಅತಿ ದಪ್ಪ ಜಾಗಕ್ಕೆ ಪಕ್ಕದಿಂದ ಚುಚ್ಚಿ, ಮೂಳೆಗೆ ತಾಗದ ಹಾಗೆ. ಚರ್ಮ ಬೇಗ ಕಂದಾದರೆ ಮೇಲೊಂದು ಫಾಯಿಲ್ ಸಡಿಲವಾಗಿ ಹೊದಿಸಿ.

ಎದೆ 160, ತೊಡೆ 175 ತೋರಿಸಿದಾಗ ಹೊರಗೆ ತೆಗೆಯಿರಿ. ಸರ್ಕಾರದ ಸುರಕ್ಷಿತ ಲೆಕ್ಕ ಎಲ್ಲ ಕಡೆ 165, ಅಂದರೆ 74 ಸೆಲ್ಸಿಯಸ್. ಹೊರಗಿಟ್ಟ ಮೇಲೂ ಒಳಗಿನ ಬಿಸಿ ಐದರಿಂದ ಹತ್ತು ಡಿಗ್ರಿ ಏರುತ್ತದೆ, ಥರ್ಮಾಮೀಟರ್ ಚುಚ್ಚಿಯೇ ಬಿಟ್ಟು 165 ಮುಟ್ಟಿದ್ದನ್ನು ಕಣ್ಣಲ್ಲಿ ನೋಡಿ. ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಊಟಕ್ಕೆ ಇರುತ್ತಾರೆ, ಇದರಲ್ಲಿ ರಾಜಿ ಬೇಡ. ಮುಟ್ಟದಿದ್ದರೆ ಹತ್ತು ನಿಮಿಷ ಮತ್ತೆ ಒಳಗೆ.

ಅರ್ಧ ಗಂಟೆ ಹಾಗೇ ಬಿಡಿ. ಆ ಅರ್ಧ ಗಂಟೆಯಲ್ಲಿ ಓವನ್ ಖಾಲಿ, ಬಿಸಿಯಾಗಿಯೂ ಇದೆ. ಸಸ್ಯಾಹಾರಿಗಳ ಅಡುಗೆಯನ್ನು ಬೆಳಿಗ್ಗೆ ಎಂಟಕ್ಕೇ, ಟರ್ಕಿ ಹಾಕುವ ಮೊದಲೇ, ಶುದ್ಧವಾದ ಓವನ್ನಿನಲ್ಲಿ ಬೇಯಿಸಿ ಮುಚ್ಚಿಡಿ. ಈಗ ಫಾಯಿಲ್ ಮುಚ್ಚಿದ ಹಾಗೇ ಬಿಸಿ ಮಾಡಿಕೊಳ್ಳಿ. ನಾಲ್ಕು ಗಂಟೆ ಓವನ್ ಹಿಡಿದು ಕೂರುವ ಇಡೀ ಟರ್ಕಿಯಲ್ಲಿ ಇದು ಆಗುವುದಿಲ್ಲ, ನಾನು ನಿಮಗೆ ಚಪ್ಪಟೆ ಮಾಡಿ ಅಂದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಬ್ರೆಡ್ ಸ್ಟಫಿಂಗನ್ನು ಬೇರೆ ಟ್ರೇಯಲ್ಲಿ, ತರಕಾರಿ ಬೇಯಿಸಿದ ನೀರು ಹಾಕಿ ಮಾಡಿದರೆ ಎಲ್ಲರೂ ತಿನ್ನಬಹುದು. ಗ್ರೇವಿ ಎರಡು ಮಾಡಿ, ಎರಡು ಬೇರೆ ಸೌಟು ಇಡಿ. ಯಾವುದರಲ್ಲಿ ಏನಿದೆ ಅಂತ ಒಂದೊಂದು ಚೀಟಿ ಇಟ್ಟರೆ ಅವರು ಪ್ರತಿ ಪಾತ್ರೆಯ ಮುಂದೆ ನಿಂತು ಕೇಳಬೇಕಾಗುವುದಿಲ್ಲ, ನೆಮ್ಮದಿಯಾಗಿ ಬಡಿಸಿಕೊಳ್ಳುತ್ತಾರೆ.

ಟರ್ಕಿ ಗ್ರೇವಿಗೆ ಬುಧವಾರವೇ ಬೆನ್ನುಮೂಳೆ, ಕುತ್ತಿಗೆ, ಈರುಳ್ಳಿ, ನಾಲ್ಕು ಕಾಳುಮೆಣಸು ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಡಿ. ಗುರುವಾರ ಬೆಣ್ಣೆಯಲ್ಲಿ ಮೈದಾ ಕಂದಾಗುವ ತನಕ ಹುರಿದು ಅದನ್ನು ಹಾಕಿ ಕದಡಿ, ಟ್ರೇಯಲ್ಲಿ ಬಿದ್ದ ರಸವನ್ನೂ ಸೇರಿಸಿ. ಉಪ್ಪು ಕೊನೆಗೆ, ರುಚಿ ನೋಡಿ.

ಕತ್ತರಿಸುವಾಗ ಎದೆಯನ್ನು ಮೂಳೆಯಿಂದ ಇಡಿಯಾಗಿ ಬಿಡಿಸಿ, ಆಮೇಲೆ ನಾರಿಗೆ ಅಡ್ಡಲಾಗಿ ಬೆರಳು ದಪ್ಪ ಹೋಳು ಮಾಡಿ. ಉದ್ದಕ್ಕೆ ಕೊಯ್ದರೆ ಚೆನ್ನಾಗಿ ಬೆಂದದ್ದೂ ನಾರು ಅನ್ನಿಸುತ್ತದೆ.

ಇನ್ನೊಂದು ದಾರಿಯನ್ನೂ ಹೇಳುತ್ತೇನೆ, ಚಪ್ಪಟೆ ಮಾಡುವ ಧೈರ್ಯ ಬರದಿದ್ದರೆ. ಕಾಲು ತೊಡೆ ಎರಡನ್ನೂ ಕೀಲಿನಲ್ಲಿ ಕತ್ತರಿಸಿ ತೆಗೆದು, ತೆಂಗಿನಕಾಯಿ, ಧನಿಯಾ, ಚಕ್ಕೆ, ಲವಂಗ ರುಬ್ಬಿ, ಬುಧವಾರವೇ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಎರಡು ಗಂಟೆ ಸಾರು ಮಾಡಿ. ನಾಟಿ ಕೋಳಿ ಸಾರಿನ ಕೈ ನಿಮ್ಮದು, ಮರುದಿನ ಇನ್ನೂ ರುಚಿ ಬರುತ್ತದೆ. ಗುರುವಾರ ಓವನ್ನಿನಲ್ಲಿ ಎದೆ ಭಾಗ ಮಾತ್ರ, 350ರಲ್ಲಿ, 160 ಆಗುವ ತನಕ. ಎರಡು ಮಾಂಸಕ್ಕೆ ಎರಡು ಅಡುಗೆ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ನಮ್ಮವರೇ ಸೇರುವ ವರ್ಷ ನಾನು ಮಾಡುವುದು ಇದನ್ನೇ. ಅಮೆರಿಕದ ಸ್ನೇಹಿತರೂ ಬರುವುದಾದರೆ ಮಾತ್ರ ಚಪ್ಪಟೆ ಟರ್ಕಿ, ಅವರಿಗೆ ಕಾಲಿನ ಮೂಳೆ ಹಿಡಿದು ತಿನ್ನುವ ಆಸೆ ಇರುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಅಗಲ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ, ಮೂರು ನಾಲ್ಕು ದಿನ ಇರುತ್ತದೆ. ಮೂಳೆಗಳನ್ನು ಅದೇ ರಾತ್ರಿ ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಯಲು ಇಡಿ. ಶುಕ್ರವಾರ ಅದಕ್ಕೆ ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಹಣ್ಣಿನ ರಸ ಬಿಟ್ಟು ಒಂದು ಕುದಿ ಬರಿಸಿ, ಬಿಡಿಸಿದ ಮಾಂಸ ಸ್ವಲ್ಪ ಹಾಕಿ. ಮುದ್ದೆಯೂ ಬೇಕು ಅಂದರೆ ಗುರುವಾರದ ಪಟ್ಟಿಯಲ್ಲೇ ರಾಗಿ ಹಿಟ್ಟು ಬರೆದುಕೊಳ್ಳಿ.